ಮನೆಯಿಂದ ತಂದ ಆಹಾರ

ಸಹಿ ಹಾಕಿಸಿಕೊಂಡು ಬರುವುದಷ್ಟೇ ಕೆಲಸ ಎಂದು ರವೀಂದ್ರ ಬೆಳಗಿನಿಂದ ಮೂರು ಸಲ ತನಗೇ ಹೇಳಿಕೊಂಡಿದ್ದ. ಬಾಬುರಾಯನಕೊಪ್ಪಲಿನ ಮನೆಯಲ್ಲಿ ಗಡ್ಡ ಹೆರೆದುಕೊಳ್ಳುವಾಗ ಒಂದು ಸಲ, ಬೇಡವೆಂದರೂ ಹೆಂಡತಿ ತಟ್ಟೆಗೆ ಎರಡನೇ ದೋಸೆ ಹಾಕಿದಾಗ ಒಂದು ಸಲ, ಈಗ ಕಾರು ಕಿರಂಗೂರು ದಾಟುವಾಗ ಇನ್ನೊಂದು ಸಲ. ಕಿರಂಗೂರು ಅವನು ಹುಟ್ಟಿದ ಊರು. ದಿನವೂ ಇದೇ ದಾರಿಯಲ್ಲಿ ಪಾಂಡವಪುರದ ಆಚೆಗಿರುವ ವಿಶ್ವವಿದ್ಯಾಲಯಕ್ಕೆ ಹೋಗುತ್ತಾನೆ. ಈ ಜಾಗ ಬಂದಾಗ ಫೋನು ತೆಗೆದು ನೋಡುತ್ತಾನೆ. ಮೊದಲು, ಯಾರಾದರೂ ಕೈ ಅಡ್ಡ ಹಾಕಿ ಮಗನಿಗೊಂದು ಕೆಲಸ ಕೇಳಿಯಾರೆಂದು ಹಾಗೆ ಮಾಡುತ್ತಿದ್ದ. ಎರಡು ತಿಂಗಳಿಂದ ಕಾರಣ ಬೇರೆ. ಇಲ್ಲಿನ ಪ್ರತಿ ಮನೆಯಲ್ಲೂ ಪಿತೃಪಕ್ಷದ ಹಬ್ಬಕ್ಕೆ ಸತ್ತ ಹಿರಿಯರಿಗೆ ಎಡೆ ಇಟ್ಟಿರುತ್ತಾರೆ, ಎಡೆ ಇಟ್ಟ ಮಾರನೇ ದಿನ ಉಳಿದದ್ದನ್ನು ಡಬ್ಬಿಗೆ ತುಂಬಿ ಓದುವ ಮಕ್ಕಳ ಕೈಗೆ ಕೊಟ್ಟು ಕಳಿಸಿರುತ್ತಾರೆ. ಅವನ ತಾಯಿ ಬೈರಮ್ಮನೂ ಕಳಿಸುತ್ತಿದ್ದಳು. ಕಜ್ಜಾಯ, ವಡೆ, ಮೂರು ಹೊತ್ತು ಕಾಯಿಸಿ ನೀರು ಬತ್ತಿಸಿದ ಬಾಡು. ಮೈಸೂರಿನ ಹಾಸ್ಟೆಲಿನಲ್ಲಿ ಆ ಡಬ್ಬಿ ಮುಚ್ಚಳ ತೆಗೆದ ಐದು ನಿಮಿಷಕ್ಕೆ ಖಾಲಿಯಾಗುತ್ತಿತ್ತು. ಒಂದು ವರ್ಷ ಮಾತ್ರ ಅವನು ಅದನ್ನು ಹಾಸ್ಟೆಲಿಗೆ ಒಯ್ಯಲಿಲ್ಲ. ಆ ವರ್ಷ ಅವನ ಕೋಣೆಗೆ ಬಾಡು ತಿನ್ನದ ಹುಡುಗನೊಬ್ಬ ಬಂದಿದ್ದ, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದ. ರವೀಂದ್ರ ನಾಲೆಯ ಸೇತುವೆಯ ಮೇಲೆ ನಿಂತು ಡಬ್ಬಿಯಲ್ಲಿದ್ದದ್ದನ್ನೆಲ್ಲ ನೀರಿಗೆ ಸುರಿದು, ಕೆಳಗಿಳಿದು ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡಿದ್ದ. ಮುಂದಿನ ಸಲ ಊರಿಗೆ ಹೋದಾಗ ಅವ್ವ, ‘ಎಲ್ರೂ ತಿಂದ್ರಾ?’ ಎಂದು ಕೇಳಿದ್ದಳು. ‘ತಿಂದ್ರು’ ಎಂದಿದ್ದ. ಅದು ಅವನು ಹೇಳಿದ ಮೊದಲ ಸುಳ್ಳಲ್ಲ. ಆದರೆ ಹೇಳಿದ ಮೇಲೆ ಏನೂ ಆಗುವುದಿಲ್ಲ ಎಂದು ತಿಳಿದದ್ದು ಆವತ್ತು.

ಮುಂದಿನ ಸೀಟಿನಲ್ಲಿ ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕಾಧಿಕಾರಿ ನಾಗಾರ್ಜುನ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಿದ್ದ. ಫೈಲಿನಲ್ಲಿ ಒಂದೇ ಹಾಳೆ. ಬಿಂಡಿಗನವಿಲೆಯ ಪುಟ್ಟಗೌರಮ್ಮ ಎಂಬ ಹೆಂಗಸು, ತನ್ನ ಮಗಳು ರಂಜಿತಳ ಕೈಯಲ್ಲಿ ಹಬ್ಬದ ಅಡುಗೆ ಕಳಿಸಿದ್ದು ನಿಜ, ಅದನ್ನು ತಿಂದು ಹಾಸ್ಟೆಲಿನ ವಿದ್ಯಾರ್ಥಿನಿಯರು ಅಸ್ವಸ್ಥರಾದರು, ಇದರಲ್ಲಿ ವಿಶ್ವವಿದ್ಯಾಲಯದ ಲೋಪವೇನೂ ಇರುವುದಿಲ್ಲ ಎಂದು ಒಪ್ಪಿಕೊಳ್ಳುವ ಹೇಳಿಕೆ. ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು. ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಈ ಹೇಳಿಕೆಯೊಂದು ಸಿಕ್ಕರೆ ಕಡತ ಮುಗಿಸುತ್ತದೆ. ಕಡತ ಮುಗಿದರೆ ಹಂಗಾಮಿ ಕುಲಪತಿಯಾಗಿರುವ ರವೀಂದ್ರನ ಹೆಸರು ಕಾಯಂ ಕುಲಪತಿ ಹುದ್ದೆಗೆ ಸೋಮವಾರ ಮೇಲಕ್ಕೆ ಹೋಗುವ ಪಟ್ಟಿಯಲ್ಲಿ ಮೊದಲನೆಯದಾಗಿ ಉಳಿಯುತ್ತದೆ. ಎಲ್ಲ ಇಷ್ಟೇ. ನಲವತ್ತೊಂದು ಹುಡುಗಿಯರಿಗೆ ವಾಂತಿಭೇದಿಯಾಗಿತ್ತು. ಒಬ್ಬಳು ಸತ್ತಿದ್ದಳು. ಹೆಸರು ಸ್ನೇಹ, ಕೆ.ಆರ್. ಪೇಟೆ ಕಡೆಯವಳು, ರಂಜಿತಳ ಕೋಣೆಯಲ್ಲೇ ಇದ್ದವಳು.

‘ಸಾ, ಆ ಹಾಸ್ಟೆಲ್ ಗೇಟ್ನಾಗೆ ಈಗ ಡಬ್ಬಿ ಕಿತ್ಕತಾವ್ರಂತಲ್ಲ’ ಎಂದ ಡ್ರೈವರ್ ದೇವಯ್ಯ, ಕಬ್ಬಿನ ಟ್ರಾಕ್ಟರಿನ ಹಿಂದೆ ನಿಧಾನ ಮಾಡುತ್ತ. ‘ದೀಪಾವಳೀಗೆ ನಮ್ಮಣ್ಣನ ಮಗ್ಳು ಚಕ್ಲಿ ತಗಂಡೋಗಿದ್ಲು. ಸೆಕ್ಯೂರಿಟಿಯೋನು ಇಸ್ಕಂಡು, ಅವ್ಳು ನೋಡ್ತಾ ಇದ್ದಂಗೇ ಅಲ್ಲೇ ಕೂತ್ಕಂಡು ತಿಂದ್ನಂತೆ.’

‘ಅವನಿಗೇನೂ ಆಗ್ಲಿಲ್ವಾ?’ ನಾಗಾರ್ಜುನ ನಕ್ಕ.

‘ಅವ್ನಿಗೇನಾಯ್ತದೆ ಬುಡಿ ಸಾ. ಕಬ್ಬಿಣ ಕೊಟ್ರೂ ಅರಗಿಸ್ಕತಾನೆ. ನಮ್ಮೋಳಂತೂ ಈಗ ಯಾರ್ಮನೆ ಎಡೆ ಊಟಕ್ಕೂ ಓಗಲ್ಲ ಅಂತ ಕೂತವ್ಳೆ. ಸತ್ತೋರ್ಗೆ ಇಕ್ಕಿದ್ದು, ಯಾವ ಸತ್ತೋನು ಎಂಗೆ ಮುಟ್ಟಿರ್ತಾನೋ ಅಂತಾಳೆ.’

ಮನೆಯಿಂದ ತಂದ ಆಹಾರವನ್ನು ಹಾಸ್ಟೆಲಿನ ಒಳಗೆ ಬಿಡಬಾರದೆಂಬ ಸುತ್ತೋಲೆಗೆ ಸಹಿ ಮಾಡಿದವನು ರವೀಂದ್ರನೇ. ಅವನು ಕಿಟಕಿಯ ಕಡೆ ತಿರುಗಿದ. ಸುತ್ತೋಲೆ ಹೊರಡಿಸಲು ಯಾರೂ ಹೇಳಿರಲಿಲ್ಲ. ಒಂದು ಸುಳ್ಳು ಹೇಳಿದ ಮೇಲೆ ಅದು ನಿಜವಾಗಿದ್ದರೆ ಏನು ಮಾಡುತ್ತಿದ್ದೆವೋ ಅದನ್ನೆಲ್ಲ ಮಾಡಬೇಕಾಗುತ್ತದೆ, ಇಲ್ಲವಾದರೆ ಜನ ಗಮನಿಸುತ್ತಾರೆ ಎಂದು ಆಗ ಅನ್ನಿಸಿತ್ತು.

ಎರಡು ತಿಂಗಳ ಹಿಂದೆ, ಹುಡುಗಿಯರು ಆಸ್ಪತ್ರೆ ಸೇರಿದ ಮಾರನೇ ದಿನ, ಬುಧವಾರ, ಅವನ ಕೋಣೆಯಲ್ಲಿ ಮೂವರೇ ಇದ್ದರು. ಗೇಟಿನ ಹೊರಗೆ ಟಿವಿಯವರ ಎರಡು ವ್ಯಾನು ನಿಂತಿದ್ದವು. ನಾಗಾರ್ಜುನ ಪ್ರಕಟಣೆಯ ಕರಡು ತಂದಿದ್ದ. ಕಾರಣ ತಿಳಿದುಬಂದಿಲ್ಲ, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಲಾಗಿದೆ ಎಂದಿತ್ತು. ಸರ್ಕಾರದಿಂದ ವಿಶ್ವವಿದ್ಯಾಲಯದ ಸಿಂಡಿಕೇಟಿಗೆ ನಾಮನಿರ್ದೇಶನಗೊಂಡ ಸೋಮಯ್ಯ ಸೋಫಾದ ಮೇಲೆ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದ್ದ. ಹಾಸ್ಟೆಲಿನ ಹೊಸ ಶೌಚಾಲಯ ಕಟ್ಟಿಸಿದವನು ಅವನ ಭಾಮೈದ. ಶೌಚಾಲಯದ ಗುಂಡಿಗೂ ಕುಡಿಯುವ ನೀರಿನ ಸಂಪಿಗೂ ಹನ್ನೆರಡು ಅಡಿ ದೂರ. ‘ನೀರು ಅಂತ ಯಾಕಪ್ಪ ಬರೀತೀಯ’ ಎಂದ ಸೋಮಯ್ಯ. ‘ನೀರು ಅಂತ ಬರುದ್ರೆ ನೀರೇ ಆಯ್ತದೆ. ಜನಕ್ಕೆ ಕಾರಣ ಇಲ್ಲ ಅಂದ್ರೂ ಆಗಲ್ಲ. ಏನಾರ ಒಂದು ಕೊಡಬೇಕು ಮೇಷ್ಟ್ರೇ, ನಂಬಂಗಿರೋದು.’ ಸೋಮಯ್ಯ ರವೀಂದ್ರನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದ, ಕುಲಪತಿಯ ಕುರ್ಚಿಯಲ್ಲಿ ಕೂತಾಗಲೂ. ನಾಗಾರ್ಜುನ ಹವಾಮಾನ ಎಂದ. ಸೋಮಯ್ಯ ಕೈ ಬೀಸಿದ. ನಾಗಾರ್ಜುನ ಹೊರಗಿನ ಹೋಟೆಲು ಎಂದ. ಯಾವ ಹೋಟೆಲು ಅಂತ ಕೇಳ್ತಾರೆ, ಹೋಟೆಲಿನೋನು ಸುಮ್ನಿರ್ತಾನಾ ಎಂದ ಸೋಮಯ್ಯ. ಆಗ ರವೀಂದ್ರ ಮೇಜಿನ ಮೇಲಿನ ಪೇಪರ್‌ವೇಟು ತಿರುಗಿಸುತ್ತ, ಯಾರನ್ನೂ ನೋಡದೆ, ‘ಮಾರ್ಲಾಮಿ ಹಬ್ಬ ಮುಗಿಸಿಕೊಂಡು ಬಂದವರು. ಡಬ್ಬಿಯಲ್ಲಿ ಎಡೆ ಊಟ ತಂದಿರ್ತಾರೆ. ಒಬ್ಬರದನ್ನ ಇನ್ನೊಬ್ಬರು ಹಂಚಿಕೊಂಡು ತಿಂತಾರೆ’ ಎಂದ.

ಸೋಮಯ್ಯ ಕಾಲು ಕೆಳಗಿಟ್ಟ. ‘ಅದ್ಕೇ ಕಣ್ರೀ, ಈ ಕುರ್ಚೀಗೆ ನಮ್ಮ ಕಡೆಯೋರೇ ಬೇಕು ಅನ್ನೋದು’ ಎಂದ. ‘ಬೆಂಗ್ಳೂರಿನೋನು ಸತ್ರೂ ಇದು ಅವ್ನ ತಲೇಗೆ ಒಳೀತಿರಲಿಲ್ಲ.’

ಎರಡು ತಿಂಗಳಿಂದ ರವೀಂದ್ರನನ್ನು ಹಿಂಡುತ್ತಿರುವುದು ಆ ಮಾತು ಹೇಳಿದ್ದು ಮಾತ್ರವಲ್ಲ. ಸೋಮಯ್ಯ ಹೊಗಳಿದಾಗ ಅವನಿಗೆ ಸಂತೋಷವಾಗಿತ್ತು. ತರಗತಿಯಲ್ಲಿ ಯಾರಿಗೂ ಬಾರದ ಉತ್ತರ ತನಗೊಬ್ಬನಿಗೇ ಬಂದಾಗ ಆಗುವಂಥ ಸಂತೋಷ. ಕಿವಿ ಬಿಸಿಯಾಗಿತ್ತು. ಪ್ರಕಟಣೆಯ ವಾಕ್ಯವನ್ನು ಅವನೇ ಬರೆಸಿದ: ‘ಹಬ್ಬದ ನಿಮಿತ್ತ ವಿದ್ಯಾರ್ಥಿನಿಯರು ಮನೆಯಿಂದ ತಂದ ಆಹಾರ ಸೇವಿಸಿದ್ದೇ ಕಾರಣವೆಂದು ಪ್ರಾಥಮಿಕವಾಗಿ ತಿಳಿದುಬಂದಿದೆ.’ ತಿಳಿದುಬಂದದ್ದು ಯಾರಿಗೆ, ಎಲ್ಲಿಂದ ಎಂದು ಒಬ್ಬ ವರದಿಗಾರನೂ ಕೇಳಲಿಲ್ಲ. ಅವರೂ ಡಬ್ಬಿ ಹೊತ್ತು ಓದಿ ಬಂದವರೇ. ಸಂಜೆ ವಾರ್ಡನ್ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡಿ, ಊಟ ತಂದವರು ಯಾರು ಎಂದು ಕೇಳಿದಳು. ಅರ್ಧ ಹಾಸ್ಟೆಲು ತಂದಿತ್ತು. ಕೈ ಎತ್ತಿದವಳು ರಂಜಿತ ಒಬ್ಬಳೇ, ಡ್ರಿಪ್ ಹಾಕಿದ ಕೈಯನ್ನೇ ಎತ್ತಿದಳಂತೆ. ಅವಳ ಡಬ್ಬಿಯಿಂದ ತಿಂದವರು ಏಳು ಜನ. ಏಳು ಜನ ತಿಂದರೆ ನಲವತ್ತೊಂದು ಜನಕ್ಕೆ ಹೇಗೆ ಎಂದೂ ಯಾರೂ ಕೇಳಲಿಲ್ಲ. ರಾತ್ರಿಯ ಹೊತ್ತಿಗೆ ಒಂದು ಚಾನೆಲ್ಲಿಗೆ ಊರಿನ ಹೆಸರು ಸಿಕ್ಕಿತು, ಬೆಳಗ್ಗೆ ತಾಯಿಯ ಹೆಸರೂ ಸಿಕ್ಕಿತು.

ಗುರುವಾರ ಸಂಜೆ ನೀರಿನ ವರದಿ ಬಂತು. ಮೂರು ಸಾಲು. ಸಂಪಿನ ನೀರಿಗೆ ಶೌಚದ ನೀರು ಸೇರಿದೆ, ಕುಡಿಯಲು ಯೋಗ್ಯವಲ್ಲ. ರವೀಂದ್ರ ಅದನ್ನು ಓದಿ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ. ತಕ್ಷಣ ಸಂಪು ಮುಚ್ಚಿಸಿದರೆ ನಿನ್ನೆಯ ಪ್ರಕಟಣೆ ಸುಳ್ಳೆಂದು ಗೊತ್ತಾಗುತ್ತದೆ. ಒಂದೆರಡು ದಿನ ಬಿಟ್ಟು ವಾರ್ಷಿಕ ಸ್ವಚ್ಛತೆ ಎಂದು ಮಾಡಿಸಿದರಾಯಿತು ಎಂದುಕೊಂಡ. ಶನಿವಾರ ಮಾಡಿಸಿದ. ಗುರುವಾರಕ್ಕೂ ಶನಿವಾರಕ್ಕೂ ನಡುವೆ ಒಂದು ದಿನವಿತ್ತು. ಆ ದಿನದ ಬಗ್ಗೆ ಯೋಚಿಸದಿರುವುದನ್ನು ಅವನು ರೂಢಿ ಮಾಡಿಕೊಂಡಿದ್ದ. ಊಟದ ನಡುವೆ, ಸಭೆಯ ನಡುವೆ, ಮೆಟ್ಟಿಲು ಹತ್ತುವಾಗ ಅದು ಎದುರಿಗೆ ಬಂದರೆ ಫೋನು ತೆಗೆಯುತ್ತಿದ್ದ.

ಈಗಲೂ ತೆಗೆದ. ಅದೇ ಗಳಿಗೆಗೆ ಅದು ಹೊಡೆದುಕೊಂಡಿತು. ಸೋಮಯ್ಯ.

‘ಎಲ್ಲಿದ್ದೀರಿ ಮೇಷ್ಟ್ರೇ?’

‘ನಾಗಮಂಗಲ ಬಂತು.’

‘ನೀವೇ ಓಗ್ತಿರೋದು ಒಳ್ಳೇದಾಯ್ತು. ದೊಡ್ಡೋರು ಬಾಗಿಲಿಗೆ ಬಂದ್ರೆ ಹಳ್ಳಿಯೋರು ಇಲ್ಲ ಅನ್ನಲ್ಲ. ಮಗಳಿಗೆ ಹಾಜರಾತಿ ಮನ್ನಾ ಮಾಡ್ತೀವಿ, ಪರೀಕ್ಷೆಗೆ ಕೂರಿಸ್ತೀವಿ ಅನ್ನಿ. ಅಳ್ತಾಳೆ. ಅಳ್ಲಿ. ಅತ್ತು ಮುಗುದ್ಮೇಲೆ ಪೆನ್ನು ಕೊಡಿ.’ ಆ ಕಡೆ ಯಾರೋ ಜೋರಾಗಿ ನಕ್ಕದ್ದು ಕೇಳಿಸಿತು. ‘ಆದ್ಮೇಲೆ ಒಂದು ಫೋಟೋ ಹಾಕಿ ನಂಗೆ.’

ರವೀಂದ್ರ ‘ಆಯ್ತು’ ಎಂದ. ಬೆವರಿದ ಕಿವಿಯನ್ನು ಕರವಸ್ತ್ರದಿಂದ ಒರೆಸಿಕೊಂಡ. ನಾಗಮಂಗಲ ದಾಟಿದ ಮೇಲೆ ಕಬ್ಬು, ಗದ್ದೆ ಯಾವುದೂ ಇಲ್ಲ. ಕುಯ್ದ ರಾಗಿ ಹೊಲ, ಕಲ್ಲು, ಹಸಿರು ಕಳೆದುಕೊಳ್ಳುತ್ತಿರುವ ಹುರುಳಿ. ಒಂದು ಕಡೆ ಕುರಿ ಹಿಂಡು ರಸ್ತೆಗೆ ಅಡ್ಡ ಬಂತು. ದೇವಯ್ಯ ಹಾರ್ನು ಮಾಡದೆ ಇಂಜಿನ್ ನಿಲ್ಲಿಸಿದ. ಕುರಿಗಳು ಕಾರಿನ ಎರಡೂ ಪಕ್ಕ ಉಜ್ಜಿಕೊಂಡು ಹೋದವು. ಅವು ದಾಟುವುದಕ್ಕೆ ತುಂಬ ಹೊತ್ತು ಹಿಡಿಯಲಿ ಎಂದು ರವೀಂದ್ರ ಬಯಸಿದ. ಐವತ್ತೆಂಟು ವರ್ಷದ ಮನುಷ್ಯ, ಪರೀಕ್ಷೆ ಮುಂದೆ ಹೋಗಲಿ ಎಂದು ಕಾಯುವ ಹುಡುಗನ ಹಾಗೆ. ತಾನು ಇದನ್ನು ಹಿಂದೆಯೂ ಗಮನಿಸಿದ್ದೇನೆ ಎಂದುಕೊಂಡ. ತನ್ನೊಳಗೆ ಒಳ್ಳೆಯತನ ಎಂಬುದೇನಾದರೂ ಇದ್ದರೆ ಅದು ತಡವಾಗಲಿ ಎಂಬ ಆಸೆಯಷ್ಟೇ.

ಬಿಂಡಿಗನವಿಲೆಯ ಬಸ್ ಸ್ಟಾಂಡಿನ ಹತ್ತಿರ ದೇವಯ್ಯ ಗಾಜು ಇಳಿಸಿ ಪುಟ್ಟಗೌರಮ್ಮನ ಮನೆ ಕೇಳಿದ. ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದವನು, ‘ಯಾವ ಪುಟ್ಟಗೌರಮ್ಮ? ಎಡೆ ಊಟ ಕಳ್ಸಿದ್ಲಲ್ಲ, ಆಯಮ್ಮನಾ?’ ಎಂದು ಕೇಳಿ, ಕಾರಿನ ಒಳಗೆ ಬಗ್ಗಿ ನೋಡಿ, ‘ಡೈರಿ ಪಕ್ಕದ ಬೀದಿ. ರಾಗಿ ಮೆದೆ ಕಾಣ್ತದಲ್ಲ, ಅದೇಯ’ ಎಂದ. ಆಮೇಲೆ ಪಕ್ಕದವನಿಗೆ, ಕೇಳಿಸಲಿ ಎಂದೇ, ‘ಪೊಲೀಸ್ನೋರು ಕಣ್ಲಾ’ ಎಂದ.

ಶೀಟಿನ ಮನೆ. ಅಂಗಳದಲ್ಲಿ ರಾಗಿ ಕಂತೆ ಒಟ್ಟಿತ್ತು. ಪುಟ್ಟಗೌರಮ್ಮ ಹೊಲದಿಂದ ಆಗಷ್ಟೇ ಬಂದವಳಂತೆ ಸೀರೆ ಎತ್ತಿ ಕಟ್ಟಿದ್ದಳು. ಐವತ್ತು ದಾಟಿರಬಹುದು, ಎತ್ತರದ, ಮೂಳೆ ಕಾಣುವ ಹೆಂಗಸು. ನಾಗಾರ್ಜುನ ಕುಲಪತಿಗಳು ಎಂದು ಪರಿಚಯ ಮಾಡಿಕೊಟ್ಟಾಗ ಅವಳು ಕೈ ಮುಗಿದು, ಎರಡು ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿ, ತಾನು ಬಾಗಿಲ ಹೊಸ್ತಿಲಿನ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಏನೋ ನೆನಪಾದವಳಂತೆ ಎದ್ದು ನಿಂತು, ಒಳಗೆ ಹೋಗದೆ, ಮತ್ತೆ ಕೂತಳು.

‘ಬಿಸ್ಲಲ್ಲಿ ಬಂದಿದ್ದೀರಿ. ನೀರು ಕೊಡಾಕೂ ಭಯ ಆಯ್ತದೆ ಸಾ’ ಎಂದಳು. ‘ನಮ್ಮನೇದು ಯಾರೂ ಕುಡಿಯಲ್ಲ ಈಗ. ಅಂಗಡಿಯಿಂದ ಬಾಟ್ಲಿ ತರಿಸ್ಲಾ?’

ಬೇಡ ಎಂದು ರವೀಂದ್ರ ಹೇಳುವಷ್ಟರಲ್ಲಿ ಮಗಳು ರಂಜಿತ ಒಳಗಿನಿಂದ ಬಂದು, ಅಂಗಡಿಯಲ್ಲೇ ಕೊಂಡು ಇಟ್ಟಿದ್ದ ಎರಡು ನೀರಿನ ಬಾಟಲಿಯನ್ನು ಸೀಲು ಕಾಣುವ ಹಾಗೆ ಹಿಡಿದು ಸ್ಟೂಲಿನ ಮೇಲಿಟ್ಟಳು. ಬಂದವರಿಗೆಂದೇ ಇಟ್ಟಿರುತ್ತಾರೆ ಎಂದು ಅವನಿಗೆ ಅರ್ಥವಾಯಿತು. ಹುಡುಗಿ ಸಣಕಲಾಗಿದ್ದಳು. ಎಂ.ಎ. ಎರಡನೇ ವರ್ಷದಲ್ಲಿದ್ದವಳು ವಿಶ್ವವಿದ್ಯಾಲಯಕ್ಕೆ ಮರಳಿ ಬಂದಿರಲಿಲ್ಲ. ತರಗತಿಯಲ್ಲಿ ಮುಂದಿನ ಬೆಂಚಿನವಳು ಎಂದು ವಿಭಾಗದವರು ಹೇಳಿದ್ದು ನೆನಪಾಗಿ, ಅದನ್ನೇ ಮಾತಿಗೆ ಎತ್ತಿಕೊಳ್ಳೋಣವೆಂದುಕೊಂಡು, ಬಿಟ್ಟ.

ನಾಗಾರ್ಜುನನೇ ಶುರು ಮಾಡಿದ. ವಿಚಾರಣೆ, ಸಮಿತಿ, ಹಾಜರಾತಿ, ಪರೀಕ್ಷೆ. ಅವನು ಒಳ್ಳೆಯ ಕನ್ನಡ ಮಾತಾಡುತ್ತಿದ್ದ. ಪುಟ್ಟಗೌರಮ್ಮ ತಲೆಯಾಡಿಸುತ್ತ ಕೇಳಿದಳು. ಅಳಲಿಲ್ಲ. ಸೋಮಯ್ಯ ಅಳುತ್ತಾಳೆ ಎಂದಿದ್ದ, ರವೀಂದ್ರ ಅದಕ್ಕೆ ತಯಾರಾಗಿ ಬಂದಿದ್ದ, ಅಳುವ ಹೆಂಗಸಿಗೆ ಹೇಳಬೇಕಾದ ನಾಲ್ಕು ಮಾತು ದಾರಿಯಲ್ಲೇ ಜೋಡಿಸಿಕೊಂಡಿದ್ದ. ಅವು ಉಪಯೋಗಕ್ಕೆ ಬರಲಿಲ್ಲ.

‘ಡೈರಿಯೋರು ಹಾಲು ಮಾತ್ರ ಆಕಿಸ್ಕತಾರೆ ಸಾ’ ಎಂದಳು ಅವಳು, ನಾಗಾರ್ಜುನ ಉಸಿರು ತೆಗೆದುಕೊಳ್ಳಲು ನಿಂತಾಗ. ‘ಊರಿನೋರು ಕುಡಿಯಲ್ವಲ್ಲ, ಪಟ್ಟಣಕ್ಕೋಯ್ತದೆ, ಅದ್ಕೆ.’ ತನ್ನ ಮಾತಿಗೆ ತಾನೇ ಸ್ವಲ್ಪ ನಕ್ಕಳು. ‘ಮೊದ್ಲು ಮದ್ವೆ ಮನೆ ಅಂದ್ರೆ ಕಜ್ಜಾಯದ ಪಾಕ ನೋಡಾಕೆ ನನ್ನೇ ಕರೆಯೋರು. ನಾನು ಬೆರಳಿಗೆ ಅಂಟಿಸಿ ಸೈ ಅಂದ್ರೇನೇ ಹಿಟ್ಟು ಬೀಳ್ತಿದ್ದುದು. ಮೊನ್ನೆ ನಮ್ಮ ಅಣ್ಣನ ಮಗನ ಮದ್ವೇಲಿ, ಅತ್ತಿಗೆ ಬಂದು, ನೀನು ಒಲೆ ತಾವ ಬರಬ್ಯಾಡ ಕಣವ್ವ, ಎಲೆ ತಾವಲೂ ನಿಂತ್ಕಬ್ಯಾಡ, ಬೀಗ್ರು ನೋಡ್ತಾರೆ ಅಂದ್ಲು. ಅವಳದ್ದೇನು ತಪ್ಪು. ಚಪ್ಪರದಾಗೆ ಕೂತಿದ್ದು ಬಂದೆ.’

‘ಅವ್ವ, ಸಾಕು’ ಎಂದಳು ರಂಜಿತ.

‘ಸಾಕು ಅಂದ್ರೆ ಸಾಕಾಯ್ತದಾ. ಆ ಮಗ, ಸ್ನೇಹ, ಎರಡು ದಿನ ಆಸ್ಪತ್ರೇಲಿ ನಿನ್ನ ತಲೆದಿಂಬಿನ ತಾವ ಕೂತಿದ್ಲು. ರೂಮಿಗೋಗಿ ಅಸಿವಾಗಿ, ಡಬ್ಬೀಲಿ ಉಳುದಿದ್ದ ನಾಕು ಕಜ್ಜಾಯ ತಿಂದ್ಲಂತೆ. ನನ್ ಕೈದು.’ ಅವಳು ರವೀಂದ್ರನ ಕಡೆ ತಿರುಗಿದಳು. ‘ಅನ್ನೊಂದನೇ ದಿನಕ್ಕೆ ಕೇರ್‌ಪೇಟೆ ಕಡೆ ಅವರೂರಿಗೋಗಿದ್ದೆ ಸಾ. ಅವ್ಳ ತಾಯಿ ಪಾರ್ವತಮ್ಮ ಅಂತ. ಕಾಲು ಇಡ್ಕಂಡೆ. ಆಯಮ್ಮ ಬಯ್ಯಲಿಲ್ಲ, ಒಡೀಲಿಲ್ಲ. ಕಾಲು ಎಳ್ಕಂಡು ಒಳಕ್ಕೋದ್ಲು ಅಷ್ಟೇಯ. ಬೈದಿದ್ರೆ ಚೆನ್ನಾಗಿತ್ತು.’ ನಾಗಾರ್ಜುನನ ಕಡೆ ಕೈ ಚಾಚಿ, ‘ಎಲ್ಲಿ ಸಾ ಸೈನು?’ ಎಂದಳು.

ನಾಗಾರ್ಜುನನಿಗೂ ಇಷ್ಟು ಸುಲಭವಾಗಿ ಆದೀತೆಂದು ಅನ್ನಿಸಿರಲಿಲ್ಲ. ‘ಓದಿ ಹೇಳ್ತೀನಮ್ಮ, ಒಂದ್ಸಲ’ ಎಂದ.

‘ಏನು ಓದೋದು. ನಾನೇ ಮಾಡಿದ್ದು ತಾನೇ. ನೀವು ಇಲ್ಲೀಗಂಟ ಬಂದಿದ್ದೀರಿ. ಕೊಡಿ.’

ಅವಳು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ಹಿಡಿದಳು. ಕುಡುಗೋಲು ಹಿಡಿದು ಬಾತಿದ್ದ ಬೆರಳು. ಅಕ್ಷರವನ್ನು ಒಂದೊಂದಾಗಿ, ಒತ್ತಿ, ಬಿಡಿಸಿದಂತೆ ಬರೆಯತೊಡಗಿದಳು. ರವೀಂದ್ರ ನೋಡುತ್ತಿದ್ದ. ಇನ್ನು ಐದು ಅಕ್ಷರ. ಆಮೇಲೆ ಎದ್ದು ಕಾರಿನಲ್ಲಿ ಕೂತರೆ ಮುಗಿಯಿತು. ಅವಳು ತಕರಾರು ಮಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ತಕರಾರು ಮಾಡುವವರನ್ನು ಒಲಿಸುವುದು, ಹೆದರಿಸುವುದು, ದಣಿಸುವುದು ಅವನಿಗೆ ಗೊತ್ತಿತ್ತು. ಮೂವತ್ತು ವರ್ಷ ಸಿಬ್ಬಂದಿಯೊಂದಿಗೆ, ವಿದ್ಯಾರ್ಥಿ ಸಂಘಗಳೊಂದಿಗೆ ಅದನ್ನೇ ಮಾಡಿದ್ದ. ತಾನು ಬರೆಸಿದ ಒಂದು ವಾಕ್ಯವನ್ನು ಇಷ್ಟು ಪೂರ್ತಿಯಾಗಿ ನಂಬಿದವರನ್ನು ಅವನು ಇದುವರೆಗೆ ಕಂಡಿರಲಿಲ್ಲ. ವರದಿಗಾರರು ಬರೆದುಕೊಂಡು ಹೋಗಿದ್ದರು ಅಷ್ಟೇ, ಸೋಮಯ್ಯ ನಂಬಿರಲಿಲ್ಲ, ಸಮಿತಿಯೂ ನಂಬಿರಲಾರದು. ಇಷ್ಟು ಪೂರ್ತಿಯಾಗಿ ನಂಬಿದವಳು ಇವಳೊಬ್ಬಳೇ. ಅವಳು ‘ಪುಟ್ಟ’ ಎಂದು ಬರೆದು ಪೆನ್ನು ಎತ್ತಿ, ಮುಂದಿನ ಅಕ್ಷರಕ್ಕೆ ಜಾಗ ನೋಡಿದಳು. ರವೀಂದ್ರನ ಕೈ ಹಾಳೆಯ ಮೇಲೆ ಹೋಗಿ ಕೂತಿತು.

‘ಬ್ಯಾಡ ಬುಡಿ’ ಎಂದ. ತನ್ನ ಬಾಯಲ್ಲಿ ಆ ಮಾತು ಆ ಥರ ಬಂದು ಎಷ್ಟೋ ವರ್ಷವಾಗಿತ್ತು. ‘ನಿಮ್ಮ ಊಟದಿಂದ ಆಗಿದ್ದಲ್ಲ. ಹಾಸ್ಟೆಲಿನ ಸಂಪಿನ ನೀರು. ಪಾಯಿಖಾನೆ ನೀರು ಸೇರಿಕೊಂಡಿತ್ತು.’

ನಾಗಾರ್ಜುನ ಎದ್ದು ನಿಂತ. ‘ಸಾರ್, ಒಂದ್ನಿಮಿಷ ಹೊರಗೆ ಬನ್ನಿ, ಮಾತಾಡೋಣ.’

‘ನೀನು ಹೋಗಿ ಕಾರಲ್ಲಿ ಕೂತ್ಕೊಪ್ಪ’ ಎಂದ ರವೀಂದ್ರ. ನಾಗಾರ್ಜುನ ಹೋದ, ಅಂಗಳ ದಾಟುವ ಮೊದಲೇ ಫೋನು ಕಿವಿಗಿಟ್ಟುಕೊಂಡಿದ್ದ. ರವೀಂದ್ರನಿಗೆ ಎದೆ ಹಗುರವಾದಂತೆ ಅನ್ನಿಸಿತು. ಹೇಳಿಬಿಟ್ಟೆ, ಇನ್ನು ಈ ಹೆಂಗಸು ಅಳುತ್ತಾಳೆ, ಕೈ ಮುಗಿಯುತ್ತಾಳೆ. ಆ ಹಗುರ ಎರಡು ಉಸಿರಿನಷ್ಟು ಹೊತ್ತು ಇತ್ತು.

ಪುಟ್ಟಗೌರಮ್ಮನ ಮುಖದಲ್ಲಿ ಏನೂ ಆಗಲಿಲ್ಲ. ಅವಳು ಮಗಳ ಕಡೆ ನೋಡಿದಳು. ಕೇಳಿದವಳು ರಂಜಿತ.

‘ಯಾವತ್ತು ಗೊತ್ತಾಯ್ತು ಸಾರ್?’

‘ವರದಿ ಬಂತು. ಆಮೇಲೆ…’

‘ಯಾವತ್ತು ಬಂತು?’

ತಿಂಗಳ ಕೊನೆಯಲ್ಲಿ ಎನ್ನಬಹುದಿತ್ತು. ಮೊನ್ನೆ ಎನ್ನಬಹುದಿತ್ತು. ಎರಡೂ ಬಾಯಿಯ ತನಕ ಬಂದವು. ‘ಗುರುವಾರ’ ಎಂದ. ‘ನೀವೆಲ್ಲ ಆಸ್ಪತ್ರೆ ಸೇರಿದ ಮೂರನೇ ದಿನ. ಸಂಜೆ.’

‘ಸ್ನೇಹ ಗುರುವಾರ ರಾತ್ರಿ ನನ್ನ ಬಿಟ್ಟು ರೂಮಿಗೆ ಹೋದ್ಲು ಸಾರ್’ ಎಂದಳು ರಂಜಿತ. ಅವಳ ದನಿ ಪಾಠ ಒಪ್ಪಿಸುವಂತಿತ್ತು. ‘ಅಲ್ಲಿವರೆಗೂ ಚೆನ್ನಾಗಿದ್ಲು. ಆಸ್ಪತ್ರೇಲಿ ಬಾಟ್ಲಿ ನೀರು ಕುಡೀತಿದ್ವಿ. ಶುಕ್ರವಾರ ಇಡೀ ದಿನ ಹಾಸ್ಟೆಲಲ್ಲಿ ಇದ್ಲು. ಶುಕ್ರವಾರ ರಾತ್ರಿ ವಾಂತಿ ಶುರುವಾಯ್ತು.’

ಅವನು ಎರಡು ತಿಂಗಳು ಮಾಡದೆ ಬಿಟ್ಟಿದ್ದ ಲೆಕ್ಕವನ್ನು ಇಪ್ಪತ್ತೆರಡು ವರ್ಷದ ಹುಡುಗಿ ಬಾಗಿಲಿಗೆ ಒರಗಿ ನಿಂತು ಮಾಡಿ ಮುಗಿಸಿದಳು. ಬೀದಿಯಲ್ಲಿ ಹಾಲಿನ ಕ್ಯಾನುಗಳ ಸದ್ದಾಯಿತು. ಯಾರೂ ಅವನ ಮೇಲೆ ಕೂಗಲಿಲ್ಲ. ‘ನನಗೆ ಒತ್ತಡ ಇತ್ತು’ ಎಂದ. ಹೇಳಿದ ಮೇಲೆ ಆ ಮಾತು ಅಂಗಳದಲ್ಲಿ ಎಲ್ಲಿ ಬಿತ್ತೆಂದು ತಿಳಿಯಲಿಲ್ಲ. ಇಲ್ಲಿ ಅದನ್ನು ಹಿಡಿಯಲು ಮೇಜಾಗಲಿ ಕಡತವಾಗಲಿ ಇರಲಿಲ್ಲ.

‘ಅಂಗಾದ್ರೆ’ ಎಂದಳು ಪುಟ್ಟಗೌರಮ್ಮ, ‘ನಾನು ಆಯಮ್ಮನ ಕಾಲು ಇಡ್ಕಂಡ ದಿನ ನಿಮ್ಗೆ ಗೊತ್ತಿತ್ತು.’

‘ಗೊತ್ತಿತ್ತು.’

‘ಮದ್ವೆ ಮನೇಲಿ ಚಪ್ಪರದಾಗೆ ಕೂತಿದ್ನಲ್ಲ, ಅವತ್ತೂವೆ.’

‘ಹೂಂ.’

ಅವಳು ಹಾಳೆಯನ್ನು ಮಗುಚಿ, ಬರೆಯದ ಬದಿಯನ್ನು ಮೇಲೆ ಮಾಡಿ, ಪೆನ್ನಿನ ಜೊತೆ ಅವನ ಕಡೆ ಚಾಚಿದಳು. ‘ಬರ್ಕೊಡಿ.’

‘ನಾನು ಕಚೇರಿಗೆ ಹೋಗಿ, ಸರಿಯಾಗಿ ಟೈಪ್ ಮಾಡಿಸಿ…’

‘ಇಲ್ಲೇ ಬರೀರಿ. ನಂಗೆ ಹೇಳುದ್ರೆ ಏನಾಯ್ತು? ನಂಗೊಬ್ಳಿಗೆ ಗೊತ್ತಾದ್ರೆ ಊರು ನೀರು ಕುಡೀತದಾ ನಮ್ಮನೇಲಿ? ಪಾರ್ವತಮ್ಮಂಗೆ ಓದಬೇಕು ನಾನು. ಅಣ್ಣನ ಮನೇಲಿ ಓದಬೇಕು.’

ಅವನು ಹಾಳೆ ತೆಗೆದುಕೊಂಡ. ಫೋನು ಜೇಬಿನಲ್ಲಿ ನಡುಗಿತು, ನಿಂತಿತು, ಮತ್ತೆ ನಡುಗಿತು. ಸೋಮಯ್ಯನಿಗೆ ಆಗಲೇ ಗೊತ್ತಾಗಿರಬೇಕು. ಮೊಣಕಾಲಿನ ಮೇಲೆ ಫೈಲು ಇಟ್ಟುಕೊಂಡು ಬರೆದ. ಕೈ ತನ್ನ ಪಾಡಿಗೆ ಓಡಿತು, ಮೂರು ಸಾಲು ಮುಗಿದಾಗ ರಂಜಿತ ಬಗ್ಗಿ ಗಟ್ಟಿಯಾಗಿ ಓದಿದಳು: ‘ಹಾಸ್ಟೆಲಿನ ನೀರಿನಲ್ಲಿ ದೋಷವಿರುವ ಸಾಧ್ಯತೆ ಪರಿಶೀಲನೆಯಿಂದ ಕಂಡುಬಂದಿದ್ದು, ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲಾಗಿದೆ.’

‘ಇದ್ರಲ್ಲಿ ನೀವೆಲ್ಲಿದ್ದೀರಿ?’ ಎಂದಳು ಪುಟ್ಟಗೌರಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಾಮಾನು ತೂಕ ಹಾಕಿಸಿಕೊಳ್ಳುವವಳ ಎಚ್ಚರ ಇತ್ತು. ‘ನಾನೂ ಇಲ್ಲ, ನನ್ನ ಡಬ್ಬೀನೂ ಇಲ್ಲ. ಆ ಮಗಾನೂ ಇಲ್ಲ.’

ಅವನು ಅದನ್ನು ಹೊಡೆದುಹಾಕಿದ. ಮೋಸ ಮಾಡಬೇಕೆಂದು ಬರೆದದ್ದಲ್ಲ ಎಂದು ಹೇಳಬೇಕೆನ್ನಿಸಿತು. ಅದು ನಿಜವಾಗಿತ್ತು, ಅದರಿಂದಲೇ ನಾಚಿಕೆಯಾಯಿತು. ಮತ್ತೆ ಬರೆದ. ಪುಟ್ಟಗೌರಮ್ಮ ಕಳಿಸಿದ ಊಟದಿಂದ ಯಾರಿಗೂ ಏನೂ ಆಗಲಿಲ್ಲ. ಕಾಯಿಲೆ ಬಂದದ್ದು ಹಾಸ್ಟೆಲಿನ ಸಂಪಿನ ನೀರಿನಿಂದ. ಅದು ನನಗೆ ಗುರುವಾರ ಗೊತ್ತಾಯಿತು. ಸಂಪನ್ನು ಶನಿವಾರದ ತನಕ ಮುಚ್ಚಿಸಲಿಲ್ಲ. ಸ್ನೇಹ ಶುಕ್ರವಾರ ಆ ನೀರು ಕುಡಿದಳು. ಊಟದ ಮಾತು ಹುಟ್ಟಿಸಿದವನು ನಾನು. ಇಷ್ಟು ಗಿಡ್ಡ ವಾಕ್ಯಗಳನ್ನು ಅವನು ಪ್ರಾಥಮಿಕ ಶಾಲೆಯಿಂದೀಚೆ ಬರೆದಿರಲಿಲ್ಲ. ಬರೆಯುತ್ತಿರುವಾಗಲೇ ತಲೆಯ ಇನ್ನೊಂದು ಕಡೆ, ಇದನ್ನು ಬಲವಂತದಿಂದ ಬರೆಸಿಕೊಂಡರು ಎನ್ನಬಹುದು, ಮೊಹರಿಲ್ಲ ಎನ್ನಬಹುದು, ಒಂದು ಬದಿಯಲ್ಲಿ ಅವಳದೇ ಅರ್ಧ ಸಹಿಯಿದೆ ಎನ್ನಬಹುದು ಎಂದು ಯಾರೋ ಲೆಕ್ಕ ಹಾಕುತ್ತಿದ್ದರು. ಆ ಯಾರೋ ಬೇರೆಯವನಲ್ಲ ಎಂದೂ ಗೊತ್ತಿತ್ತು. ಸೋಮಯ್ಯನ ಭಾಮೈದನ ಹೆಸರು ಬರೆಯಬೇಕೆ ಎಂದು ಯೋಚಿಸಿ, ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ರಂಜಿತ ಓದಿದಳು. ತಾಯಿ ಪ್ರತಿ ವಾಕ್ಯಕ್ಕೂ ತಲೆಯಾಡಿಸಿದಳು. ಸ್ನೇಹಳ ಹೆಸರು ಬಂದಾಗ ಮಾತ್ರ ಆಡಿಸಲಿಲ್ಲ. ಹುಡುಗಿ ಹಾಳೆಯನ್ನು ಸ್ಟೂಲಿನ ಮೇಲೆ ಹಾಸಿ, ಫೋನಿನಲ್ಲಿ ಎರಡು ಫೋಟೋ ತೆಗೆದುಕೊಂಡಳು. ‘ಯಾರಿಗೆ ಕಳಿಸ್ತೀಯಮ್ಮ?’ ಎಂದು ರವೀಂದ್ರ ಕೇಳಿದ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಹಾಳೆಯನ್ನು ಅವನ ಮುಂದಿಟ್ಟು, ‘ಸಹಿ ಸಾರ್’ ಎಂದಳು.

ಅವನು ಸಹಿ ಮಾಡಿದ. ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬಿಡಿಸಿ ಬರೆದ. ಬೀದಿಯಲ್ಲಿ ದೇವಯ್ಯ ಕಾರು ತಿರುಗಿಸುತ್ತಿದ್ದ. ರವೀಂದ್ರ ಪೆನ್ನಿನ ಮುಚ್ಚಳ ಹಾಕಿ ಎದ್ದ.

‘ಉದ್ಯೋಗ ಬರೀಲಿಲ್ವಲ್ಲ ಸಾ’ ಎಂದಳು ಪುಟ್ಟಗೌರಮ್ಮ.

‘ಹೆಸರಿದೆಯಲ್ಲ.’

‘ನಿಮ್ಮ ಹೆಸ್ರು ಓದುದ್ರೆ ಯಾರಿವ್ನು ಅಂತಾರೆ ಊರಿನೋರು’ ಎಂದಳು ಅವಳು. ‘ಅವ್ರು ನಂಬಿದ್ದು ನಿಮ್ಮನ್ನಲ್ಲ. ಕುರ್ಚೀನ. ಅದನ್ನ ಬರೀರಿ.’

ಅವನು ಮತ್ತೆ ಕೂತ.